ಡ್ರ್ಯಾಗಿಗೆ ಕೊಟ್ಟ ಹಣ, ಲೈನ್ ರೋಲರಿಗೆ ತೆತ್ತ ದಂಡ: ದುಬಾರಿ ಸ್ಪಿನ್ನಿಂಗ್ ಸೆಟ್ಟಿನ ದೀರ್ಘಕಾಲದ ಬಳಕೆ

ಮೀನು ಹಿಡಿಯಲು ಮೇಲ್ದರ್ಜೆಯ ಸ್ಪಿನ್ನಿಂಗ್ ರೀಲೊಂದನ್ನೂ (ದಾರ ಸುತ್ತುವ ಸಾಧನ) ಅದಕ್ಕೆ ಒಪ್ಪುವ ಕಾರ್ಬನ್ ರಾಡನ್ನೂ (ಗಾಳದ ಕೋಲು) ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇದಕ್ಕಿಂತ ಎಷ್ಟೋ ಪಾಲು ಕಡಿಮೆ ಬೆಲೆಯ ಮಧ್ಯಮ ದರ್ಜೆಯ ಸೆಟ್ಟೊಂದನ್ನೂ ಬಿಡದೆ ಉಳಿಸಿಕೊಂಡಿದ್ದೇನೆ. ದಡದಲ್ಲಿ ಅಥವಾ ಅಳಿವೆಯ ಬಾಯಲ್ಲಿ ನಿಂತು ಲ್ಯೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆ, ಎಸೆಯುವುದು ನನ್ನ ಕ್ರಮ. ದೋಣಿ ಏರುವುದು ಅಪರೂಪ. ಸಂಬಳದಲ್ಲಿ ಉಳಿಸಿ ಕೊಂಡ ವಸ್ತುವಾದ್ದರಿಂದ, ಹೊಸ ಮಾದರಿ ಬಂದಾಗಲೆಲ್ಲ ಬದಲಾಯಿಸುವವರ ಅಳತೆಗೋಲು ನನಗೆ ಒಗ್ಗುವುದಿಲ್ಲ. ಒಮ್ಮೆ ಕೊಂಡರೆ ಬಹುಕಾಲ ಬಾಳಬೇಕು, ಕೆಟ್ಟರೆ ನನ್ನ ಕೈಯಲ್ಲೇ ಸರಿಹೋಗಬೇಕು ಎಂಬುದು ನನ್ನ ಅಪೇಕ್ಷೆ. ಬೇರಿಂಗ್‌ಗಳ ಸಂಖ್ಯೆ, ಗೇರ್ ಅನುಪಾತ, ತೂಕ ಇವೆಲ್ಲ ಡಬ್ಬಿಯ ಮೇಲೆಯೇ ಅಚ್ಚಾಗಿರುವುದರಿಂದ ಅವನ್ನು ಬಿಟ್ಟು, ಬಳಸಿದ ಮೇಲಷ್ಟೇ ಗೊತ್ತಾಗುವ ಸಂಗತಿಗಳನ್ನು ಬರೆಯುತ್ತಿದ್ದೇನೆ.

ಮೊದಲು ಡ್ರ್ಯಾಗ್, ಅಂದರೆ ಮೀನು ಎಳೆದಾಗ ವಾಷರುಗಳ ಉಜ್ಜುವಿಕೆಯಿಂದ ತಡೆಯೊಡ್ಡುತ್ತಲೇ ದಾರ ಬಿಟ್ಟುಕೊಡುವ ರೀಲಿನ ಬ್ರೇಕು. ಹಣ ಕೊಟ್ಟದ್ದು ಸಾರ್ಥಕ ಎಂದು ಯಾವ ಅಳುಕೂ ಇಲ್ಲದೆ ಹೇಳಬಹುದಾದ ಭಾಗ ಇದು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ್ದನ್ನು ಸಾಗಿಸಲು ಬೇಕಾದ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಅಗ್ಗದ ರೀಲುಗಳ ಫೆಲ್ಟ್ ವಾಷರುಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ: ಮೀನು ಓಟ ಕಿತ್ತ ಕ್ಷಣದಲ್ಲಿ ದಾರ ಸುತ್ತಿದ ಸ್ಪೂಲ್ ತುಸು ಹಿಡಿದುಕೊಂಡು ಆಮೇಲೆ ಜಗ್ಗನೆ ಬಿಡುತ್ತದೆ, ತೆಳು ದಾರ ತುಂಡಾಗುವುದು ಆ ಹಿಡಿತದಲ್ಲೇ. ನನ್ನ ರೀಲಿನಲ್ಲಿ ತೆಳುವಾಗಿ ಗ್ರೀಸ್ ಸವರಿದ ಕಾರ್ಬನ್ ಫೈಬರ್ ವಾಷರುಗಳಿವೆ. ಓಟ ಶುರುವಾದದ್ದು ಕೈಗೆ ತಿಳಿಯುವ ಮೊದಲೇ ದಾರ ಹರಿಯತೊಡಗಿರುತ್ತದೆ. ದಾರದ ತಾಳಿಕೆಯ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಡ್ರ್ಯಾಗ್ ಹೊಂದಿಸಿಕೊಳ್ಳಬೇಕೆಂಬುದು ಎಲ್ಲರೂ ಪಾಲಿಸುವ ರೂಢಿ. ಉಳಿದ ಭಾಗ ವ್ಯರ್ಥವಲ್ಲ, ಬಾಗಿದ ರಾಡಿನ ಗೈಡುಗಳಲ್ಲಿ (ದಾರ ಹಾಯುವ ಉಂಗುರಗಳಲ್ಲಿ) ದಾರ ಉಜ್ಜುವಾಗ ಎಳೆತ ಏರುತ್ತದೆ. ಇದಕ್ಕಿಂತ ಮುಖ್ಯವಾಗಿ, ಸ್ಪೂಲಿನಿಂದ ದಾರ ಹೋದಂತೆಲ್ಲ ಸುತ್ತಿನ ತ್ರಿಜ್ಯ ಕುಗ್ಗುವುದರಿಂದ, ಡ್ರ್ಯಾಗ್ ಹೊಂದಿಸುವ ಗುಂಡಿಯನ್ನು ಮುಟ್ಟದಿದ್ದರೂ ದಾರದ ಮೇಲಿನ ಬಿಗಿ ಹೆಚ್ಚುತ್ತಾ ಹೋಗುತ್ತದೆ. ತ್ರಿಜ್ಯ ಅರ್ಧಕ್ಕಿಳಿದರೆ ಬಿಗಿ ಎರಡು ಪಟ್ಟು. ಈ ಏರಿಕೆಯನ್ನು ಯಾವ ದುಬಾರಿ ರೀಲೂ ತಡೆಯಲಾರದು. ಆದರೆ ಏರಿಕೆ ನಯವಾಗಿ, ಜರ್ಕಿಲ್ಲದೆ ಆಗುವಂತೆ ಮಾಡುವ ಕೆಲಸ ಒಳ್ಳೆಯ ವಾಷರುಗಳದ್ದು. ಅದನ್ನು ನೆಚ್ಚಿಕೊಂಡೇ ನಾನು ಮೊದಲಿಗಿಂತ ತೆಳುವಾದ ದಾರಕ್ಕೆ ಬಂದೆ. ಎಸೆತ ದೂರ ಹೋಗತೊಡಗಿತು, ಹರಿವಿನಲ್ಲಿ ದಾರ ಕೊಚ್ಚಿಕೊಂಡು ಹೋಗುವುದು ಕಡಿಮೆಯಾಯಿತು. ಕೊಳ್ಳುವಾಗ ಇದನ್ನು ನಾನು ಎಣಿಸಿರಲಿಲ್ಲ.

ರಾಡಿನ ವಿಷಯದಲ್ಲಿ ನನ್ನ ಉತ್ಸಾಹ ಅಷ್ಟಿಲ್ಲ. ಹಗುರತನ ನಿಜ, ಬೆಳಗಿನಿಂದ ಮಧ್ಯಾಹ್ನದವರೆಗೆ ಎಸೆಯುವವರ ಮಣಿಕಟ್ಟು ಅದಕ್ಕೆ ಸಾಕ್ಷಿ ಹೇಳುತ್ತದೆ. ಆದರೆ ಜಾಹೀರಾತುಗಳಲ್ಲಿ ದೊಡ್ಡದಾಗಿ ಬರೆಯುವ 30 ಟನ್, 40 ಟನ್ ಎಂಬ ಅಂಕಿಗಳು ಕಾರ್ಬನ್ ನಾರಿನ ಬಿಗುಪನ್ನು ಹೇಳುತ್ತವೆಯೇ ಹೊರತು ರಾಡು ಎಷ್ಟು ಭಾರ ತಾಳುತ್ತದೆ ಎಂಬುದನ್ನಲ್ಲ. ನಾರು ಬಿಗುವಾದಷ್ಟೂ ಕೊಳವೆಯ ಗೋಡೆಯನ್ನು ತೆಳುವಾಗಿ ಮಾಡಬಹುದು, ತೆಳುವಾದಷ್ಟೂ ರಾಡು ಹಗುರ, ಹಗುರವಾದಷ್ಟೂ ಹೊಡೆತಕ್ಕೆ ನಾಜೂಕು. ಬಂಡೆಗೆ ತಾಗಿದ ಅಥವಾ ಭಾರದ ಜಿಗ್ (ಲೋಹದ ಲ್ಯೂರ್) ಬಡಿದ ಸಣ್ಣ ಗುರುತು ಆ ದಿನ ಏನೂ ಮಾಡದೆ, ಯಾವತ್ತೋ ಒಂದು ದಿನ ಅದೇ ಜಾಗದಲ್ಲಿ ರಾಡು ಮುರಿಯಲು ಕಾರಣವಾಗುತ್ತದೆ. ಹಾಗಾಗಿ ಬಂಡೆಗಳ ಮೇಲೆ ನಡೆಯುವಾಗ ಕಣ್ಣು ಕಾಲಿನ ಮೇಲಿರಬೇಕಾದದ್ದು ರಾಡಿನ ತುದಿಯ ಮೇಲಿರುತ್ತದೆ. ಫೈಬರ್‌ಗ್ಲಾಸ್ ಬೆರೆತ ನನ್ನ ಮಧ್ಯಮ ದರ್ಜೆಯ ರಾಡು ಭಾರವಾದರೂ ಈ ಆತಂಕವನ್ನು ಕೊಟ್ಟಿಲ್ಲ. (ದುಬಾರಿಯಿರಲಿ ಅಗ್ಗವಿರಲಿ, ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿಸಿದಾಗ ಮತ್ತು ವಿದ್ಯುತ್ ತಂತಿಗಳ ಕೆಳಗೆ ಅದನ್ನು ಎತ್ತಿ ಹಿಡಿಯಲೇಬಾರದು.)

ಸೂಕ್ಷ್ಮತೆಗಾಗಿ ದುಬಾರಿ ರಾಡು ಬೇಕು ಎನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನೈಲಾನ್ ದಾರ ತುಂಡಾಗುವ ಮೊದಲು ಶೇಕಡ 20ಕ್ಕೂ ಹೆಚ್ಚು ಹಿಗ್ಗಬಲ್ಲದು. ಹೆಣೆದ ಪಾಲಿಎಥಿಲೀನ್ ದಾರ, ಅಂದರೆ ಬ್ರೇಡ್, ಹಿಗ್ಗುವುದು ಬಹಳ ಕಡಿಮೆ. ಮಧ್ಯಮ ದರ್ಜೆಯ ರಾಡಿಗೆ ಬ್ರೇಡ್ ಸುತ್ತಿದ ದಿನ ಮೀನು ಮೂಸಿ ಬಿಡುವ ಸಣ್ಣ ತಟ್ಟು ಕೂಡ ಕೈಗೆ ತಲುಪತೊಡಗಿತು. ಅದಾದ ಮೇಲೆ ದುಬಾರಿ ರಾಡು ಕೊಟ್ಟ ಹೆಚ್ಚುವರಿ ಸೂಕ್ಷ್ಮತೆ ಇದೆ, ಇಲ್ಲವೆನ್ನಲಾರೆ. ಆದರೆ ಬೆಲೆ ಏರಿದ ಪ್ರಮಾಣದಲ್ಲಿ ಅದು ಏರಿಲ್ಲ. ರಾಡಿನಲ್ಲಿ ನಿಜಕ್ಕೂ ಹಣ ಬೇಡುವುದು ಗೈಡುಗಳು. ಸಿಲಿಕಾನ್ ಕಾರ್ಬೈಡ್ ಉಂಗುರ ಬ್ರೇಡಿನ ಉಜ್ಜುವಿಕೆಗೆ ಸವೆಯುವುದಿಲ್ಲ, ಟೈಟಾನಿಯಂ ಚೌಕಟ್ಟು ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ. ನನ್ನ ಹಳೆಯ ರಾಡಿನ ಸ್ಟೀಲ್ ಚೌಕಟ್ಟುಗಳ ಬುಡದಲ್ಲಿ ಕಂದು ಕಲೆ ಮೂಡಿ, ವಾರ್ನಿಷಿನ ಕೆಳಗೇ ಹರಡಿದೆ.

ಮೀನು ಹಿಡಿದು ಬಂದ ಸಂಜೆಯ ತೊಳೆಯುವ ಕೆಲಸ ನನಗೆ ಮೀನು ಹಿಡಿಯುವಷ್ಟೇ ಪ್ರಿಯ. ವಾಷರುಗಳೊಳಗೆ ನೀರು ಇಳಿಯದಂತೆ ಮೊದಲು ಡ್ರ್ಯಾಗ್ ಗುಂಡಿಯನ್ನು ಬಿಗಿ ಮಾಡುತ್ತೇನೆ. ಸಿಹಿನೀರನ್ನು ಸಣ್ಣ ಧಾರೆಯಲ್ಲಿ ಸುರಿಯಬೇಕು. ರಭಸದ ನೀರು ಉಪ್ಪನ್ನು ತೊಳೆಯುವ ಬದಲು ಒಳಕ್ಕೆ ತಳ್ಳುತ್ತದೆ. ಕೊಡವಿ, ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ನೆರಳಿನಲ್ಲಿ ಆರಲು ಇಟ್ಟ ಮೇಲೆ ಗುಂಡಿಯನ್ನು ಪೂರ್ತಿ ಸಡಿಲಿಸುತ್ತೇನೆ. ಬಿಗಿಯಾಗಿಯೇ ಬಿಟ್ಟರೆ ವಾಷರುಗಳು ಒತ್ತಿಕೊಂಡು ಅಂಟಿಕೊಳ್ಳುತ್ತವೆ. ನಂತರ ಪ್ರತಿ ಗೈಡಿನೊಳಗೂ ಹತ್ತಿಯ ಎಳೆಯೊಂದನ್ನು ಆಡಿಸುತ್ತೇನೆ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಉಂಗುರ ಸೀಳಿದೆ ಎಂದರ್ಥ, ಕಣ್ಣಿಗೆ ಕಾಣದ ಆ ಸೀಳು ಬ್ರೇಡನ್ನು ಬ್ಲೇಡಿನಂತೆ ಕತ್ತರಿಸುತ್ತದೆ. ಕೊನೆಯಲ್ಲಿ ಹಿಡಿಕೆಯ ತಿರುಗುಗುಂಡಿಗೆ ಒಂದು ಹನಿ ಎಣ್ಣೆ, ಲೈನ್ ರೋಲರಿಗೆ ಒಂದು ಹನಿ ಎಣ್ಣೆ. ಎರಡನೆಯ ಈ ಹನಿ ನನ್ನ ಹಳೆಯ ರೀಲಿಗೆ ಮಾತ್ರ ಸಿಗುತ್ತದೆ, ದುಬಾರಿ ರೀಲಿಗೆ ಸಿಗುವುದಿಲ್ಲ. ನನ್ನ ಅಸಮಾಧಾನವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ದಾರವನ್ನು ಸ್ಪೂಲಿಗೆ ಸುತ್ತಿಸುವ ಬೇಲ್ ತಂತಿಯ ತುದಿಯಲ್ಲಿ ಕೂತು, ದಾರವನ್ನು ಮೂಲೆ ತಿರುಗಿಸಿ ಸ್ಪೂಲಿಗೆ ಕೊಡುವ ಪುಟ್ಟ ಗಾಲಿಯೇ ಲೈನ್ ರೋಲರ್. ಒದ್ದೆ ದಾರದ ನೀರೆಲ್ಲ ಹಿಂಡಿ ಬೀಳುವುದು ಅದರ ಮೇಲೆಯೇ, ಇಡೀ ರೀಲಿನಲ್ಲಿ ಅತಿ ಹೆಚ್ಚು ಉಪ್ಪು ಉಣ್ಣುವುದೂ ಅದೇ. ದುಬಾರಿ ರೀಲಿನಲ್ಲಿ ಈ ಗಾಲಿಯ ಬೇರಿಂಗನ್ನು ನೀರು ಹೋಗದಂತೆ ಮುಚ್ಚಿ, ಎಣ್ಣೆ ಹಾಕಬಾರದು, ಬಿಚ್ಚಬಾರದು ಎಂದು ಕೈಪಿಡಿಯಲ್ಲಿ ಬರೆದಿದ್ದಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಸಣ್ಣಗೆ ಕಿರುಗುಟ್ಟತೊಡಗಿತು. ಮುಂದೆ ತಿರುಗುವುದನ್ನೇ ಬಿಟ್ಟು ನಿಂತಿತು. ನಿಂತ ಗಾಲಿಯ ಮೇಲೆ ದಾರ ಉಜ್ಜಿದರೆ ಬ್ರೇಡಿನ ನೂಲು ಏಳುತ್ತದೆ, ನೈಲಾನ್ ಆದರೆ ಮುರಿ ಬಿದ್ದು ಮುಂದಿನ ಎಸೆತದಲ್ಲಿ ಗಂಟಾಗುತ್ತದೆ. ಕಂಪನಿಯ ಸೇವಾಕೇಂದ್ರಕ್ಕೆ ಕಳಿಸಿದೆ. ಮೀನು ದಡಕ್ಕೆ ಬರುವ ಒಳ್ಳೆಯ ಕಾಲ ಮುಗಿದ ಮೇಲೆ ರೀಲು ಮರಳಿ ಬಂತು. ಬೇರಿಂಗೊಂದನ್ನೇ ಬಿಡಿಯಾಗಿ ಕೊಡುವುದಿಲ್ಲ ಎಂದು ಗಾಲಿ ಕೂತಿದ್ದ ಇಡೀ ತೋಳನ್ನು ಬದಲಿಸಿ, ಅದರ ಹಣವನ್ನು ವಸೂಲು ಮಾಡಿದ್ದರು. ನನ್ನ ಸಿಟ್ಟು ಭಾಗ ಕೆಟ್ಟದ್ದಕ್ಕಲ್ಲ, ಉಪ್ಪುನೀರಿನಲ್ಲಿ ಎಲ್ಲವೂ ಕೆಡುತ್ತದೆ. ಅತಿ ಬೇಗ ಕೆಡುವ ಭಾಗವನ್ನೇ ಒಡೆಯನ ಕೈಗೆ ಸಿಗದಂತೆ ಮುಚ್ಚಿಟ್ಟು ಅದನ್ನು ಸೌಲಭ್ಯವೆಂದು ಮಾರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಹಳೆಯ ರೀಲಿನಲ್ಲಿ ಇದೇ ಗಾಲಿ ಒಂದು ಸ್ಕ್ರೂ ಬಿಚ್ಚಿದರೆ ಅಂಗೈಗೆ ಬರುತ್ತದೆ, ಅದರ ಬೇರಿಂಗ್ ಎಲ್ಲೆಡೆ ಸಿಗುವ ಸಾಮಾನ್ಯ ಅಳತೆಯದು. ಆ ಕಾಲವಿಡೀ ನನ್ನನ್ನು ನಡೆಸಿದ್ದು ಅದೇ ರೀಲು.

ಹೀಗಿದ್ದೂ ದುಬಾರಿ ರೀಲನ್ನು ನಾನು ಮಾರಿಲ್ಲ, ಮಾರುವ ಮನಸ್ಸೂ ಇಲ್ಲ. ಯಂತ್ರದಲ್ಲಿ ಕೊರೆದ ಅದರ ಅಲ್ಯೂಮಿನಿಯಂ ಗೇರಿನಲ್ಲಿ ಇಷ್ಟು ವರ್ಷಗಳ ನಂತರವೂ ಸಡಿಲವಿಲ್ಲ, ಅಚ್ಚಿನಲ್ಲಿ ಎರಕ ಹೊಯ್ದ ಸತುವಿನ ಗೇರಿನ ಹಳೆಯ ರೀಲು ಭಾರದ ಮೀನು ಬಿದ್ದಾಗ ಗರಗರ ಎನ್ನುತ್ತದೆ. ದೊಡ್ಡ ಮೀನನ್ನು ತೆಳು ದಾರದಲ್ಲಿ ಹಿಡಿಯುವವರಿಗೆ, ವಾರಕ್ಕೆ ಹಲವು ದಿನ ನೀರಿನ ಬಳಿ ಇರುವವರಿಗೆ ಅಂಥ ರೀಲು ತಕ್ಕದ್ದೇ. ತಿಂಗಳಿಗೊಮ್ಮೆ ಹೋಗುವವರು, ಕೆರೆ ಹೊಳೆಗಳ ಸಿಹಿನೀರಿನಲ್ಲಷ್ಟೇ ಗಾಳ ಹಾಕುವವರು ಅಷ್ಟು ಹಣ ಸುರಿಯಬೇಕಾಗಿಲ್ಲ. ಕಾರ್ಬನ್ ವಾಷರಿನ ಡ್ರ್ಯಾಗ್ ಈಗ ಮಧ್ಯಮ ದರ್ಜೆಯ ರೀಲುಗಳಲ್ಲೂ ಬರುತ್ತದೆ, ಅಂಥದ್ದೊಂದನ್ನು ಕೊಂಡು ಉಳಿದ ಹಣವನ್ನು ಒಳ್ಳೆಯ ಬ್ರೇಡಿಗೂ ಗೈಡುಗಳಿಗೂ ಹಾಕುವುದು ಮೇಲು. ಯಾವುದನ್ನೇ ಕೊಳ್ಳುವುದಿದ್ದರೂ ಹಣ ಕೊಡುವ ಮೊದಲು ಅಂಗಡಿಯವರಿಗೆ ಮೂರು ಪ್ರಶ್ನೆ ಕೇಳಿ: ಲೈನ್ ರೋಲರನ್ನು ನಾನೇ ಬಿಚ್ಚಿ ಎಣ್ಣೆ ಹಾಕಬಹುದೇ, ಅದರ ಬೇರಿಂಗ್ ಬಿಡಿಯಾಗಿ ಸಿಗುತ್ತದೆಯೇ, ರಾಡಿನ ಮೇಲ್ತುಂಡು ಮುರಿದರೆ ಅದೊಂದನ್ನೇ ಮಾರುತ್ತೀರಾ. ಮೂರಕ್ಕೂ ಹೌದೆನ್ನುವವರು ಸಿಕ್ಕರೆ, ನನ್ನ ಮುಂದಿನ ಸೆಟ್ಟಿಗೆ ಇನ್ನೂ ಸ್ವಲ್ಪ ಹೆಚ್ಚು ಕೊಡಲು ನಾನು ಸಿದ್ಧನಿದ್ದೇನೆ.