ವೆನಿಸ್‌ನಲ್ಲಿ ಮೀನು ಆರ್ಡರ್ ಮಾಡುವ ಮುಂಚೆ ‘ಎತ್ತೊ’ ಅಂದರೆ ಏನೆಂದು ತಿಳಿದುಕೊಳ್ಳಿ

ಬೇಸಿಗೆ ಬಂತೆಂದರೆ ಜರ್ಮನಿಯಲ್ಲಿರುವ ನಮ್ಮವರು ಊರಿನಿಂದ ಬಂದ ನೆಂಟರನ್ನು ಕಟ್ಟಿಕೊಂಡು ಇಟಲಿಗೆ ಹೊರಡುವುದು ವಾಡಿಕೆ. 2024ರ ಮೇ ತಿಂಗಳಲ್ಲಿ ನಾನೂ ಹೊರಟೆ. ಕುಂದಾಪುರದಿಂದ ಅಕ್ಕ, ಬಾವ ಬಂದಿದ್ದರು. ಮ್ಯೂನಿಕ್‌ನಲ್ಲಿ ರೈಲು ಹತ್ತಿದರೆ ಐದೂವರೆ ಗಂಟೆಗೆ ವೆರೋನಾ, ಅಲ್ಲಿಂದ ವೆನಿಸ್, ಮತ್ತೆ ವಾಪಸ್. ಆ ಪ್ರವಾಸದಲ್ಲಿ ಒಂದು ಮಧ್ಯಾಹ್ನದ ಊಟಕ್ಕೆ ನಾನು ತೆತ್ತದ್ದು 188 ಯೂರೊ 16 ಸೆಂಟ್. ಕುಳಿತವರು ಮೂರು ಜನ, ಅದರಲ್ಲಿ ಒಬ್ಬಳು ಸರಿಯಾಗಿ ಉಣ್ಣಲೇ ಇಲ್ಲ.

ಬಾವನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಮೂವತ್ತು ವರ್ಷದಿಂದ ಗಂಗೊಳ್ಳಿ ಬಂದರಿಗೆ ಹೋಗಿ ಮನೆಗೆ ಮೀನು ಆರಿಸಿ ತರುವವರು ಅವರು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಚೀಲಕ್ಕೆ ಹಾಕಿಸಿಕೊಂಡವರಲ್ಲ. ಅಂಥವರ ಕಣ್ಣೆದುರೇ ಇದು ನಡೆಯಿತು.

ವೆರೋನಾದಲ್ಲಿ ತೊಂದರೆ ಏನೂ ಆಗಲಿಲ್ಲ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಅರೀನಾ ಎಂಬ ರೋಮನ್ ಬಯಲು ರಂಗಮಂದಿರ ನೋಡಿ ಬಾವ ಖುಷಿಪಟ್ಟರು. ಷೇಕ್ಸ್‌ಪಿಯರ್ ನಾಟಕದ ಜೂಲಿಯೆಟ್‌ಳದೆಂದು ತೋರಿಸುವ ಮನೆಯ ಬಾಲ್ಕನಿ 20ನೇ ಶತಮಾನದಲ್ಲಿ ತಂದು ಜೋಡಿಸಿದ್ದು ಎಂದು ನಾನು ಹೇಳಿದಾಗ ಅಕ್ಕ, “ಮೊದಲೇ ಹೇಳುದಲ್ದಾ? ಈ ನೂಕುನುಗ್ಗಲಲ್ಲಿ ನಿಂತದ್ದು ಎಂತಕ್ಕೆ?” ಎಂದು ಬೈದಳು, ಅಷ್ಟೇ.

ವೆನಿಸ್‌ಗೆ ಹೋದದ್ದು ಸೋಮವಾರ. ಸೋಮವಾರ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಾರಣಕ್ಕೆ ಬೇಕಾಗುತ್ತದೆ. ಹೋಟೆಲ್ ಅಗ್ಗವೆಂದು ಮೆಸ್ತ್ರೆಯಲ್ಲಿ ಉಳಿದು, ಬೆಳಿಗ್ಗೆ ರೈಲಿನಲ್ಲಿ ಬಂದು, ತಲೆಗೆ 9.50 ಯೂರೊ ಕೊಟ್ಟು ವಪೊರೆತ್ತೊ ಹತ್ತಿದೆವು. ಅದು ಅಲ್ಲಿನ ಸಿಟಿ ಬಸ್ಸು, ನೀರಿನ ಮೇಲೆ ಓಡುತ್ತದೆ. ಟಿಕೆಟ್ ನಡೆಯುವುದು 75 ನಿಮಿಷ ಮಾತ್ರ. ಸಂತ ಮಾರ್ಕನ ಚೌಕ ಸುತ್ತಿ ರಿಯಾಲ್ತೊ ಸೇತುವೆಗೆ ಬರುವ ಹೊತ್ತಿಗೆ ಎರಡು ಗಂಟೆ. ಅಕ್ಕನ ಮೊಣಕಾಲು ಮುಷ್ಕರ ಹೂಡಿತ್ತು.

ಕಾಲುವೆ ಬದಿಗೆ ಮೇಜು ಹಾಕಿದ್ದ ಒಂದು ಹೋಟೆಲು. ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವವನು, ಐದು ಭಾಷೆಯ ಮೆನು, ಮೆನುವಿನಲ್ಲಿ ಬಣ್ಣ ಮಾಸಿದ ಊಟದ ಫೋಟೊಗಳು. ಇವು ಮೂರೂ ಇದ್ದಲ್ಲಿ ಕೂರಬೇಡಿ ಎಂದು ನಾನೇ ಎಷ್ಟು ಜನಕ್ಕೆ ಹೇಳಿಲ್ಲ! ಆದರೂ ಕೂತೆವು. ಮೊಣಕಾಲು ನೋಯುವಾಗ ನಮ್ಮ ನೀತಿನಿಯಮ ನಮಗೇ ನೆನಪಿರುವುದಿಲ್ಲ.

ಮೆನುವಿನಲ್ಲಿ ಬ್ರಾನ್‌ಜೀನೊ ಎಂಬ ಮೀನಿನ ಮುಂದೆ 8,50 ಎಂದಿತ್ತು. ಅವರು ದಶಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಅದು ಎಂಟೂವರೆ ಯೂರೊ. ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಲೆತ್ತೊ’ ಎಂದಿದ್ದದ್ದನ್ನು ನಾನು ಮೀನು ಸುಡುವ ವಿಧಾನದ ಹೆಸರೋ ಏನೋ ಅಂದುಕೊಂಡೆ. ವೆನಿಸ್‌ನಲ್ಲಿ ಇಷ್ಟು ಅಗ್ಗವೇ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

‘ಲೆತ್ತೊ’ ಅಂದರೆ ಒಂದು ಎತ್ತೊಗೆ ಇಷ್ಟು ಎಂದು. ಎತ್ತೊ ಎಂದರೆ 100 ಗ್ರಾಂ. ಇಟಲಿಯಲ್ಲಿ ಇಡೀ ಮೀನಿಗೆ, ಕೆಲವು ಕಡೆ ದೊಡ್ಡ ಮಾಂಸದ ತುಂಡಿಗೂ ದರ ಹಾಕುವುದು ಹೀಗೆ. ಕೆಲವು ಮೆನುವಿನಲ್ಲಿ ಇದೂ ಇರುವುದಿಲ್ಲ, ‘ಎಸ್.ಕ್ಯೂ.’ ಎಂಬ ಎರಡಕ್ಷರ ಇರುತ್ತದೆ. ತೂಕದ ಮೇಲೆ ದರ ಎಂದು ಅದರ ಅರ್ಥ.

ವೇಟರ್ ಒಂದು ಟ್ರೇಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿಸಿದ ಮೀನುಗಳನ್ನು ತಂದು ತೋರಿಸಿದ. ಇಂದು ಬೆಳಿಗ್ಗೆ ಬಂದದ್ದು, ಪಕ್ಕದ ಮಾರುಕಟ್ಟೆಯದು ಎಂದ. ಬಾವ ಬಗ್ಗಿ ನೋಡಿದರು. “ಕಣ್ ಕಾಣ್ ಮಾರಾಯ, ಬೆಳ್ಳಗಾಯ್ತ್. ಇದ್ ಇವತ್ತಿನ್ ಮೀನಲ್ಲ” ಎಂದರು. ಕಿವಿರು ಎತ್ತಲು ಬೆರಳು ಚಾಚುವಷ್ಟರಲ್ಲಿ ಟ್ರೇ ಹಿಂದೆ ಸರಿಯಿತು. “ಬಾವ, ಇಲ್ಲಿ ಮುಟ್ಟುವ ಹಾಗಿಲ್ಲ, ಸುಮ್ಮನಿರಿ” ಎಂದು ಬಾಯಿ ಮುಚ್ಚಿಸಿದವನು ನಾನೇ. ಇರುವುದರಲ್ಲಿ ದೊಡ್ಡದನ್ನು ತೋರಿಸಿ, ಇಬ್ಬರಿಗೆ ಇದೇ ಸರಿ ಎಂದು ವೇಟರ್ ತಾನೇ ನಿರ್ಧರಿಸಿ ಒಳಗೆ ಹೋದ. ತಕ್ಕಡಿ ನಮ್ಮ ಕಣ್ಣಿಗೆ ಬೀಳಲಿಲ್ಲ.

ಸುಟ್ಟ ಮೀನು ಬಂತು. ಮೇಜಿನ ಪಕ್ಕವೇ ನಿಂತು ಎರಡು ಚಮಚದಲ್ಲಿ ನಾಜೂಕಾಗಿ ಮುಳ್ಳು ಬಿಡಿಸಿ, ಬಿಳಿ ಮಾಂಸವನ್ನಷ್ಟೇ ತಟ್ಟೆಗೆ ಹಾಕಿ, ತಲೆ ಮತ್ತು ನಡುಮುಳ್ಳನ್ನು ಬೇರೆ ತಟ್ಟೆಯಲ್ಲಿ ಎತ್ತಿಕೊಂಡು ಹೊರಟ. ಬಾವ ಅರ್ಧ ಎದ್ದರು. “ತಲೆ ಎಲ್ಲಿಗ್ ತಕಂಡ್ ಹೋತ ಇದ್ದ?” ನಮ್ಮೂರಲ್ಲಿ ತಲೆ ಯಾರಿಗೆ ಎಂದೇ ಊಟಕ್ಕೆ ಮುಂಚೆ ಚರ್ಚೆಯಾಗುತ್ತದೆ. ಅವರ ಹೊಟ್ಟೆ ಉರಿದದ್ದು ಆಗ ಅಲ್ಲ. ಬಿಲ್ಲಿನಲ್ಲಿ ಆ ತಲೆಯ ತೂಕವೂ ಸೇರಿದೆ ಎಂದು ಗೊತ್ತಾದಾಗ.

ಅಕ್ಕನಿಗೆ ಸೋಮವಾರ ಮೀನು, ಮಾಂಸ ಆಗದು. ‘ನೋ ಮೀಟ್’ ಎಂದು ಮೂರು ಸಲ ಹೇಳಿದೆ. ವೇಟರ್ ಸೂಚಿಸಿದ್ದು ಬೀಗೊಲಿ ಇನ್ ಸಾಲ್ಸಾ: ದಪ್ಪ ಶಾವಿಗೆಯಂಥ ಪಾಸ್ತಾ, ಈರುಳ್ಳಿಯ ಸಾಸ್. ಮೀಟ್ ಇಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದ. ಸುಳ್ಳಲ್ಲ. ಆ ಸಾಸಿನ ಅರ್ಧ ಈರುಳ್ಳಿ, ಇನ್ನರ್ಧ ಉಪ್ಪಿನಲ್ಲಿ ಹಾಕಿಟ್ಟ ಆಂಚೊವಿ, ಅಂದರೆ ಕೊಳ್ತರುವಿನ ಜಾತಿಯ ಸಣ್ಣ ಮೀನು. ಅವರ ಲೆಕ್ಕದಲ್ಲಿ ಮೀನು ಮಾಂಸವೇ ಅಲ್ಲ. ಕುಂದಾಪುರದವಳ ಮೂಗಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ತುತ್ತೂ ಬಾಯಿಗಿಡದೆ ತಟ್ಟೆ ದೂಡಿ, ಬುಟ್ಟಿಯಲ್ಲಿದ್ದ ಬ್ರೆಡ್ಡು ತಿಂದಳು.

ಶುದ್ಧ ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಿ. ಬೊಲೊನ್ಯಾದ ತೊರ್ತೆಲ್ಲೀನಿ ಎಂಬ ಪಾಸ್ತಾ ಈಜುವ ತಿಳಿಸಾರು ಮಾಂಸ ಬೇಯಿಸಿದ ನೀರು. ಮಿಲಾನ್‌ನ ಕೇಸರಿ ರಿಸೊತ್ತೊ ಎಂಬ ಅನ್ನದ ಅಡುಗೆ ನೋಡಲು ನಮ್ಮ ಕೇಸರಿಬಾತಿನಂತಿದ್ದರೂ ಸಾಂಪ್ರದಾಯಿಕವಾಗಿ ಅದಕ್ಕೆ ಎಲುಬಿನ ಮಜ್ಜೆ ಹಾಕುತ್ತಾರೆ. ಪಾರ್ಮಿಜಾನೊ ಚೀಸ್ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಹೆಸರು ಕೇಳಿದರೆ ಮೀನಿನದೆನಿಸುವ ಮರಿನಾರಾ ಪಿಜ್ಜಾದಲ್ಲಿ ಮಾತ್ರ ಮೀನೂ ಇಲ್ಲ, ಚೀಸೂ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ. ಕೇಳುವಾಗ ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’ ಎಂದು ಮಾಂಸವನ್ನೂ ಮೀನನ್ನೂ ಬೇರೆ ಬೇರೆಯಾಗಿ ಹೇಳಿ, ಸಾರಿನ ನೀರು ಯಾವುದೆಂದೂ ವಿಚಾರಿಸಿ.

ಬಿಲ್ಲು ಬಂತು. ಮೀನು 1.4 ಕಿಲೊ, ಅಂದರೆ 14 ಎತ್ತೊ, 119 ಯೂರೊ. ಅಕ್ಕ ಮುಟ್ಟದ ಪಾಸ್ತಾ 18. ಸಲಾಡ್ 9. ನೀರು ಎಂದು ಕೇಳಿದ್ದಕ್ಕೆ ಬಂದ ಎರಡು ಬಾಟಲಿಗೆ 10. ಕೊಪೆರ್ತೊ ತಲೆಗೆ 4ರಂತೆ 12. ಕೊಪೆರ್ತೊ ಅಂದರೆ ಮೇಜಿಗೆ ಕೂತ ಬಾಬ್ತು, ಬ್ರೆಡ್ಡು ಅದರಲ್ಲೇ ಬರುತ್ತದೆ. ಮುಟ್ಟದಿದ್ದರೂ ಕೊಡಬೇಕು. ಇಷ್ಟೆಲ್ಲದರ ಮೇಲೆ 12 ಶೇಕಡ ಸೇವಾಶುಲ್ಕ, 20.16. ಬಾವ ಮನಸ್ಸಿನಲ್ಲೇ ಗುಣಿಸಿ, “ಹದಿನೇಳ್ ಸಾವ್ರ” ಎಂದು ಮೆಲ್ಲಗೆ ಹೇಳಿ ಕಾಲುವೆ ನೋಡುತ್ತ ಕೂತರು.

ನಾನು ಜಗಳಕ್ಕೆ ಹೋದೆ. ವೇಟರ್ ಧ್ವನಿ ಏರಿಸಲಿಲ್ಲ. ಮೆನು ತೆರೆದು ‘ಲೆತ್ತೊ’ ಮೇಲೆ ಬೆರಳಿಟ್ಟ. ಕೊನೆಯ ಪುಟದ ಅಡಿಯಲ್ಲಿ ಕೊಪೆರ್ತೊ, ಸೇವಾಶುಲ್ಕ ಎರಡೂ ಅಚ್ಚಾಗಿದ್ದವು. ಅಲ್ಲೇ ಇನ್ನೊಂದು ಸಾಲು ಕಂಡಿತು: ನಕ್ಷತ್ರ ಚಿಹ್ನೆ ಇರುವ ಪದಾರ್ಥಗಳು ಫ್ರೀಜ್ ಮಾಡಿದವು ಆಗಿರಬಹುದು. ಮೀನಿನ ಪುಟದಲ್ಲಿ ಆಕಾಶದಲ್ಲಿರುವಷ್ಟು ನಕ್ಷತ್ರ. ಎಲ್ಲವೂ ಬರೆದಿದೆ, ಓದದವನು ನಾನು. ಕಳ್ಳತನವಾಗಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು.

ಇದಕ್ಕಿಂತ ದೊಡ್ಡ ಹೊಡೆತ ತಿಂದವರೂ ಇದ್ದಾರೆ. 2018ರ ಜನವರಿಯಲ್ಲಿ ವೆನಿಸ್‌ನಲ್ಲಿ ನಾಲ್ವರು ಜಪಾನಿ ವಿದ್ಯಾರ್ಥಿಗಳಿಗೆ ಒಂದು ಊಟಕ್ಕೆ 1,100 ಯೂರೊಗೂ ಹೆಚ್ಚಿನ ಬಿಲ್ಲು ಹಾಕಿದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅವರು ದೂರು ಕೊಟ್ಟರು, ತಪಾಸಣೆಯಾಗಿ ಆ ಹೋಟೆಲಿಗೆ ದಂಡವೂ ಬಿತ್ತು. ಹಾಗಾಗಿ ವಿವರವಿರುವ ರಸೀದಿ ಕೇಳಿ ಪಡೆದು ಜೇಬಿನಲ್ಲಿಟ್ಟುಕೊಳ್ಳಿ.

ಮೀನು ತೋರಿಸಿದ ಕೂಡಲೇ ‘ಕ್ವಾಂತೊ ಪೇಸ’, ಎಷ್ಟು ತೂಕ ಎಂದು ಕೇಳಿ. ನಿಮ್ಮೆದುರೇ ತೂಗಿಸಿ, ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ಹೂಂ ಅನ್ನಿ. ಒಳ್ಳೆಯ ಹೋಟೆಲಿನವರು ಬೇಸರಿಸುವುದಿಲ್ಲ. ಬೇಸರಿಸಿದರೆ ಎದ್ದು ಹೋಗಲು ಅದೇ ಸರಿಯಾದ ಹೊತ್ತು.

ಊಟ ಮುಗಿಸಿ ಬಾವನಿಗೆ ಸಮಾಧಾನವಾಗಲೆಂದು ರಿಯಾಲ್ತೊ ಮೀನು ಮಾರುಕಟ್ಟೆಗೆ ಕರೆದೊಯ್ದೆ. ಕಮಾನುಗಳ ಕೆಳಗೆ ಒಂದು ಪೊರೆಯೂ ಬಿದ್ದಿರಲಿಲ್ಲ, ನೆಲ ಒಣಗಿತ್ತು. ಪಕ್ಕದ ಅಂಗಡಿಯವಳನ್ನು ಕೇಳಿದರೆ ಭಾನುವಾರ, ಸೋಮವಾರ ಮೀನು ಮಾರುಕಟ್ಟೆ ರಜೆ ಎಂದಳು. ಬಾವ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಸಂಜೆ ಕನ್ನರೇಜೊ ಕಡೆ ಒಂದು ಬಾಕರೊ ಸಿಕ್ಕಿತು. ನಿಂತುಕೊಂಡು ತಿನ್ನುವ ಸಣ್ಣ ಅಂಗಡಿ. ಗಾಜಿನ ಕಪಾಟಿನಲ್ಲಿ ಬ್ರೆಡ್ಡಿನ ತುಂಡುಗಳ ಮೇಲೆ ಬೆಣ್ಣೆಯಂಥ ಬಿಳಿ ಮುದ್ದೆ. ಬಕ್ಕಲಾ ಮಂತೆಕಾತೊ. ನಾರ್ವೆಯಿಂದ ಬರುವ ಒಣಮೀನನ್ನು ನೆನೆಸಿ, ಬೇಯಿಸಿ, ಎಣ್ಣೆ ಬಿಟ್ಟು ಕಡೆದದ್ದು. 1432ರ ಸುಮಾರಿಗೆ ಹಡಗು ಒಡೆದು ನಾರ್ವೆಯ ದ್ವೀಪದಲ್ಲಿ ಸಿಕ್ಕಿಕೊಂಡ ಕ್ವೆರೀನಿ ಎಂಬ ವೆನಿಸ್ ವ್ಯಾಪಾರಿ ಆ ಒಣಮೀನನ್ನು ಊರಿಗೆ ಪರಿಚಯಿಸಿದ ಎಂದು ಇಲ್ಲಿನವರು ಹೇಳುತ್ತಾರೆ. ಒಣಮೀನು ಎಂದದ್ದೇ ತಡ, ಮಳೆಗಾಲಕ್ಕೆ ಡಬ್ಬ ತುಂಬಿಡುವ ಊರಿನ ಬಾವ ಕಪಾಟಿಗೆ ಮೂಗು ತಾಗಿಸಿ ನಿಂತರು. ಅಕ್ಕ ಚೀಲದಿಂದ ಮಧ್ಯಾಹ್ನದ ಬ್ರೆಡ್ಡಿನ ಎರಡು ತುಂಡು ತೆಗೆದಳು. 12 ಯೂರೊ ಕೊಟ್ಟದ್ದನ್ನು ಬಿಟ್ಟು ಬರುವವಳಲ್ಲ ಅವಳು.

ಬಾವ ಒಂದು ತುಂಡಿನ ಕಡೆ ಬೆರಳು ತೋರಿಸಿ, ಅಂಗಡಿಗೆಲ್ಲ ಕೇಳುವ ಹಾಗೆ “ಎತ್ತೊ?” ಎಂದರು.

ಗಲ್ಲೆಯ ಹಿಂದಿದ್ದ ಹೆಂಗಸು ನಕ್ಕಳು. “ನೋ, ನೋ. ಅಲ್ ಪೆತ್ಸೊ.” ಒಂದು ತುಂಡಿಗೆ ಇಷ್ಟು ಎಂದು ಎರಡು ಬೆರಳು ಎತ್ತಿದಳು.

ಬಾವ ನಾಲ್ಕು ಬೆರಳು ಎತ್ತಿದರು.