ಹಂಚಿನ ಮನೆಗೆ ಅಟ್ಮಾಸ್ ಮಾರಿದರು! ₹4.85 ಲಕ್ಷ ಹೋಯ್ತು, ನೀವಾದರೂ ಹುಷಾರಾಗಿರಿ

ಹಂಚಿನ ಮನೆ ಇರುವವರು ಇದನ್ನು ಪೂರ್ತಿ ಓದಿ. (ಅಟ್ಮಾಸ್ ಅಂದರೆ ಸದ್ದು ತಲೆ ಮೇಲಿಂದಲೂ ಬಂದ ಹಾಗೆ ಕೇಳಿಸುವ ಡಾಲ್ಬಿ ಕಂಪನಿಯ ತಂತ್ರ.) ಹೋಂ ಥಿಯೇಟರ್ ತಗೊಳ್ಳೋಕೆ ಬೆಂಗಳೂರಿಗೆ ಹೊರಟಿದ್ದರೆ ಬಸ್ ಹತ್ತುವ ಮೊದಲೇ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಸಹಿಸಿಕೊಳ್ಳಿ. ಅಂಗಡಿ ಹೆಸರು ಹಾಕುತ್ತಿಲ್ಲ, ದೂರು ವಿಚಾರಣೆಯಲ್ಲಿದೆ. ಬ್ರ್ಯಾಂಡ್ ಹೆಸರೂ ಬೇಡ. ಪೆಟ್ಟಿಗೆಗಳದ್ದೇನೂ ತಪ್ಪಿಲ್ಲ, ಮಾರಿದವರದ್ದು ತಪ್ಪು.

ನನಗೆ ಬೇಕಾಗಿದ್ದು ಇಷ್ಟೇ. ಸಂಜೆ ತೋಟದಿಂದ ಬಂದ ಮೇಲೆ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ ಕೇಳಬೇಕು. ಯಕ್ಷಗಾನದ ಭಾಗವತಿಕೆ ಕೇಳಬೇಕು. ಮಕ್ಕಳು ಊರಿಗೆ ಬಂದಾಗ ಒಂದು ಸಿನಿಮಾ. ಅಂಗಡಿಯಲ್ಲಿ ಕೂತ ತಕ್ಷಣ ಇದನ್ನೇ ಹೇಳಿದೆ. ಅಡಿಕೆಗೆ ಆ ಸಲ ಒಳ್ಳೆ ರೇಟು ಸಿಕ್ಕಿತ್ತು. (ಕೊಳೆ ರೋಗದಿಂದ ಉಳಿದದ್ದಕ್ಕೆ ಸಿಕ್ಕ ರೇಟು ಅನ್ನಿ.) ದುಡ್ಡಿದೆ ಅಂತ ಅವರಿಗೆ ಹೇಗೋ ವಾಸನೆ ಬಡಿಯಿತು.

ಡೆಮೋ ರೂಮ್ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಗೋಡೆ ತುಂಬಾ ಪ್ಯಾಡಿಂಗ್, ನೆಲಕ್ಕೆ ಕಾರ್ಪೆಟ್, ಎಸಿ, ಕತ್ತಲು. ವಾಲ್ಯೂಮ್ ಜೋರು. ಎರಡು ಸೆಟ್ ಪಕ್ಕಪಕ್ಕ ಇಟ್ಟರೆ ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ. ದುಬಾರಿ ಸೆಟ್ ಅನ್ನೇ ಜೋರಾಗಿ ಹಾಕುತ್ತಾರೆ. ಆಮೇಲೆ ಕಾಡಿನಲ್ಲಿ ಮಳೆ ಸುರಿಯುವ ಒಂದು ಕ್ಲಿಪ್ ಹಾಕಿದರು. ತಲೆ ಮೇಲೆ ಮಳೆ ಸುರಿದ ಹಾಗೇ ಆಯ್ತು. ನಿಜ ಹೇಳಬೇಕಲ್ಲ, ಮೈ ಜುಮ್ ಅಂದಿತ್ತು. "ಇದೇ ಅಟ್ಮಾಸ್ ಸರ್. ಸ್ಟೀರಿಯೋ ಎಲ್ಲಾ ಈಗ ಯಾರು ತಗೋತಾರೆ?"

ಆಗಲೇ ಕೇಳಿದೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳೇ ಹಂಚಿನ ಮನೆ, ಅಲ್ಲಿ ಇದು ಆಗುತ್ತಾ? ಸುಮ್ನೆ ಬಾಯಲ್ಲಿ ಕೇಳಿ ಬಿಡಲಿಲ್ಲ. ಊರಿಗೆ ಬಂದು ಜಗಲಿಯ (ನಮ್ಮಲ್ಲಿ ಹಾಲ್ ಅಂದರೆ ಅದೇ) ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಪಕಾಸಿ, ರೀಪು, ಹಂಚು ಎಲ್ಲಾ ಕಾಣುವ ಹಾಗೆ. ಅವರ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: "ಸೂಪರ್ ಹಾಲ್ ಸರ್. ಒಳ್ಳೆ ಹೈಟ್ ಇದೆ. ಅಟ್ಮಾಸ್ ಚಿಂದಿ ಆಗುತ್ತೆ."

ಚಿಂದಿ ಆಯ್ತು ನೋಡಿ.

ಬಿಲ್ ಹೀಗಿತ್ತು. ಎಲ್ಲಾ ಸ್ಪೀಕರ್ ಓಡಿಸುವ ಪೆಟ್ಟಿಗೆ, ಅಂದರೆ ರಿಸೀವರ್ ₹92,000. ಎರಡು ಟವರ್ ಸ್ಪೀಕರ್ ₹1,80,000. ಟಿವಿ ಕೆಳಗೆ ಇಡುವ ಸೆಂಟರ್ ಸ್ಪೀಕರ್ ₹48,000. ನಮ್ಮ ಅಕ್ಕಪಕ್ಕ ಇಡುವ ಸರೌಂಡ್ ಸ್ಪೀಕರ್ ಜೋಡಿ ₹45,000. ಟವರ್ ತಲೆ ಮೇಲೆ ಕೂರಿಸುವ ಅಟ್ಮಾಸ್ ಸ್ಪೀಕರ್ ಜೋಡಿ ₹42,000. ತಗ್ಗು ಸದ್ದಿಗೆ ಸಬ್‌ವೂಫರ್ ₹52,000. ಕೇಬಲ್ ₹18,000. ಕೊನೆಗೆ ಇನ್‌ಸ್ಟಾಲೇಷನ್ ಮತ್ತು ಕ್ಯಾಲಿಬ್ರೇಷನ್ (ನಮ್ಮ ಕೋಣೆಗೆ ತಕ್ಕ ಹಾಗೆ ಸೆಟ್ ಹೊಂದಿಸುವುದು) ₹8,000. ಈ ಕೊನೆಯ ಸಾಲು ನೆನಪಿಟ್ಟುಕೊಳ್ಳಿ.

ಇಬ್ಬರು ಹುಡುಗರು ಬಂದು ಜೋಡಿಸಿದರು. ಮಧ್ಯಾಹ್ನ ನಮ್ಮಲ್ಲೇ ಊಟ, ಅಪ್ಪೆಹುಳಿ ಎರಡೆರಡು ಸಲ ಹಾಕಿಸಿಕೊಂಡರು. ಊಟ ಆದ ಮೇಲೆ ಒಬ್ಬ ಸೋಫಾ ಮೇಲೆ ಮೊಬೈಲ್ ಇಟ್ಟು ಏನೋ ಆ್ಯಪ್ ತೆರೆದ. ಟೊಯ್ ಟೊಯ್ ಅಂತ ಸದ್ದು ಬಂತು. "ಕ್ಯಾಲಿಬ್ರೇಷನ್ ಆಯ್ತು ಸರ್" ಅಂದ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟರು.

ಆ ಭಾನುವಾರ ನೆಂಟರೆಲ್ಲ ಬಂದಿದ್ದರು. ಸೆಟ್ ನೋಡಲಿಕ್ಕೇ ಬಂದವರು. ಅದೇ ಮಳೆ ಕ್ಲಿಪ್ ಹಾಕಿದೆ. ಮಳೆ ಟಿವಿ ಪಕ್ಕದಲ್ಲೇ ಸುರಿಯಿತು. ತಲೆ ಮೇಲೆ ಏನೂ ಇಲ್ಲ. ಸರಿ, ಹಾಡು ಹಾಕೋಣ ಅಂತ ಮನ್ಸೂರರನ್ನು ಹಾಕಿದೆ. ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುತ್ತಿಲ್ಲ, ತಂಬೂರಿ ಸುತ್ತಲೂ, ಮೂಲೆಯಿಂದ ತಬಲಾದ ಡಗ್ಗಾ ಗುಂಯ್ ಗುಂಯ್. ಯಾವುದೂ ಒಂದಕ್ಕೊಂದು ಸೇರುತ್ತಿಲ್ಲ. ಚಂಡೆ ಹಾಕಿದರೆ ಪೆಟ್ಟೇ ಇಲ್ಲ, ಬರೀ ಗುಡುಗು. ನಮ್ಮ ಭಾವ ಎಲ್ಲರ ಎದುರಿಗೇ ಕೇಳಿದರು: "ಇದಕ್ಕೆ ಎಷ್ಟು ಕೊಟ್ಟೆ ಮಾರಾಯಾ? ನಿನ್ನ ಹಳೇ ಟೇಪ್ ರೆಕಾರ್ಡರೇ ವಾಸಿ ಇತ್ತಲ್ಲೋ!" ಎಲ್ಲರೂ ನಕ್ಕರು. ಇವಳು ಮಾತ್ರ ನಗಲಿಲ್ಲ, ಒಳಗೆ ಹೋದಳು. ಬಿಲ್ ನೋಡಿದ್ದು ಅವಳೊಬ್ಬಳೇ.

ಮಾರನೇ ದಿನ ಅಂಗಡಿಗೆ ಫೋನ್. ಇಲ್ಲಿಂದ ಅವರ ಉತ್ತರಗಳ ಮೆರವಣಿಗೆ ಶುರು.

ಮೊದಲನೇ ಉತ್ತರ: "ಬರ್ನ್ ಇನ್ ಆಗಿಲ್ಲ ಸರ್. 200 ಗಂಟೆ ಓಡಬೇಕು. ಆಮೇಲೆ ಓಪನ್ ಆಗುತ್ತೆ." ಹೊಸ ಸ್ಪೀಕರ್‌ನ ಕೋನ್ ಸುತ್ತಲಿನ ರಬ್ಬರ್ ಮೊದಮೊದಲು ಸ್ವಲ್ಪ ಸಡಿಲ ಆಗುತ್ತದೆ, ಅದು ಸುಳ್ಳಲ್ಲ. ಆದರೆ ಟಿವಿ ಪಕ್ಕದ ಮಳೆ 200 ಗಂಟೆ ಕಾದರೆ ತಲೆ ಮೇಲಕ್ಕೆ ಹತ್ತುತ್ತದಾ? ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡು ಗಂಟೆ ಕೇಳಿದರೆ 200 ಗಂಟೆಗೆ 100 ದಿನ. ಗ್ರಾಹಕ ಕಾನೂನಿನಲ್ಲಿ ದೋಷ ಇರುವ ಸರಕು ವಾಪಸ್ ತಗೊಳ್ಳಲು ಬಿಲ್‌ನಲ್ಲಿ ಅವಧಿ ಬರೆಯದಿದ್ದರೆ 30 ದಿನ. ಈ ಬರ್ನ್ ಇನ್ ಯಾರನ್ನು ಸುಡಲಿಕ್ಕೆ ಅಂತ ಈಗ ಅರ್ಥ ಆಯ್ತಾ?

ಎರಡನೇದು: "ನಿಮ್ಮ ಕಡೆ ಕರೆಂಟ್ ಸರಿ ಇರಲ್ಲ ಸರ್, ಅರ್ಥಿಂಗ್ ಚೆಕ್ ಮಾಡಿಸಿ." ಮಾಡಿಸಿದೆ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 1 ವೋಲ್ಟ್ ಕೂಡ ಇಲ್ಲ. ಮೀಟರ್ ಫೋಟೋ ಕಳಿಸಿದೆ. ಅದಕ್ಕೊಂದು ಹೆಬ್ಬೆರಳು ಬಂತು, ಅಷ್ಟೇ.

ಮೂರನೇದು: "ಕೇಬಲ್ ಅಪ್‌ಗ್ರೇಡ್ ಮಾಡಿ." ₹18,000ದ ಕೇಬಲ್ ಮಾರಿದವರೇ ಹೇಳಿದ್ದು ಇದು! 14 ಗೇಜಿನ ಸಾದಾ ತಾಮ್ರದ ತಂತಿ 5 ಮೀಟರ್ ಹೋಗಿ ಬರುವಷ್ಟರಲ್ಲಿ ಅದರ ರೆಸಿಸ್ಟೆನ್ಸ್ 0.1 ಓಮ್ ಕೂಡ ಇರಲ್ಲ. ಸ್ಪೀಕರ್ 8 ಓಮಿನದು. ಎಲೆಕ್ಟ್ರಿಕಲ್ ಅಂಗಡಿಯ ತಂತಿ ಧಾರಾಳವಾಗಿ ಸಾಕು.

ನಾಲ್ಕನೇದು: "ನಿಮ್ಮ ಕಿವಿಗೆ ಅಭ್ಯಾಸ ಆಗಬೇಕು ಸರ್." ಇದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟರಲ್ಲಿ ತಂಗಿ ಮಗ ರಜೆಗೆ ಬಂದ, ಎಂಜಿನಿಯರಿಂಗ್ ಓದುವ ಹುಡುಗ. ವಾರಂಟಿ ಕಾರ್ಡ್ ಹುಡುಕೋಣ ಅಂತ ಅಟ್ಟದಿಂದ ರಿಸೀವರ್ ಡಬ್ಬಿ ಇಳಿಸಿದೆವು. ಥರ್ಮಾಕೋಲ್ ಸಂದಿಯಿಂದ ಅವನು ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ಸುತ್ತಿಟ್ಟ ವೈರು, ತುದಿಗೆ ಪುಟ್ಟ ಮೈಕು. ಕವರ್‌ನ ಸೀಲ್ ಒಡೆದಿಲ್ಲ. "ಮಾವ, ಕ್ಯಾಲಿಬ್ರೇಷನ್ ಮಾಡಿಸಿದ್ದೀರಾ?" ಅಂದ. ಮಾಡಿಸಿದ್ದೇನೆ, ₹8,000 ಕೊಟ್ಟಿದ್ದೇನೆ ಅಂದೆ. "ಹಾಗಾದರೆ ಇದು ಯಾಕೆ ಪ್ಯಾಕ್ ಆಗೇ ಇದೆ?"

ಆ ಮೈಕ್ ಇಲ್ಲದೆ ಈ ರಿಸೀವರ್‌ನ ಆಟೋ ಕ್ಯಾಲಿಬ್ರೇಷನ್ ಆಗುವುದೇ ಇಲ್ಲ. ನಾವು ಕೂರುವ ಜಾಗದಲ್ಲಿ ಅದನ್ನು ಇಡಬೇಕು. ರಿಸೀವರ್ ಒಂದೊಂದೇ ಸ್ಪೀಕರ್‌ನಿಂದ ಸದ್ದು ಹೊರಡಿಸಿ, ದೂರ ಎಷ್ಟು, ಜೋರು ಎಷ್ಟು ಅಂತ ಅಳೆಯುತ್ತದೆ. ಹಾಗಾದರೆ ಆ ಹುಡುಗರು ಸೋಫಾ ಮೇಲೆ ಮೊಬೈಲ್ ಇಟ್ಟು ಮಾಡಿದ್ದು ಏನು? ನಾಟಕ. ₹8,000ದ ನಾಟಕ. ನಾನು ಸಹಿ ಹಾಕಿ, ಅಡಿಕೆ ಹಾಳೆಯ ತಟ್ಟೆಗಳ ಒಂದು ಕಟ್ಟು ಬೇರೆ ಕೊಟ್ಟು ಕಳಿಸಿದ್ದೆ. ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಹುಡುಗನೇ ಮ್ಯಾನ್ಯುಯಲ್ ನೋಡಿಕೊಂಡು ಮೈಕ್ ಹಚ್ಚಿದ. ಮೊದಲ ಸುತ್ತಿಗೇ ರಿಸೀವರ್ ತಪ್ಪು ತೋರಿಸಿತು. ಬಲಗಡೆಯ ಸರೌಂಡ್ ಸ್ಪೀಕರ್‌ಗೆ ಪ್ಲಸ್ ಮೈನಸ್ ತಿರುವುಮುರುವು! ಮೆನುವಿನಲ್ಲಿ ಅಟ್ಮಾಸ್ ಸ್ಪೀಕರ್ ಚಾವಣಿಯಲ್ಲಿ ಕೂತಿದೆ ಅಂತ ಇಟ್ಟಿದ್ದಾರೆ, ಅದು ಇರುವುದು ಟವರ್ ತಲೆ ಮೇಲೆ. ಹಾಡನ್ನೂ ಎಲ್ಲಾ ಚಾನೆಲ್‌ಗೆ, ಅಂದರೆ ಎಲ್ಲಾ ಸ್ಪೀಕರ್‌ಗೆ ಹಂಚುವ ಮೋಡ್‌ನಲ್ಲಿ ಬಿಟ್ಟು ಹೋಗಿದ್ದಾರೆ. ಮನ್ಸೂರರ ಹಳೇ ರೆಕಾರ್ಡಿಂಗ್‌ಗಳು ಬಹುಪಾಲು ಮೊನೊ, ಅಂದರೆ ಒಂದೇ ಚಾನೆಲ್‌ನವು. ಅದನ್ನು ಏಳು ಸ್ಪೀಕರ್‌ಗೆ ಹಂಚಿದರೆ ಏನಾಗುತ್ತದೆ? ಎಲ್ಲಾ ಸರಿಮಾಡಿ, ಬರೀ ಎರಡು ಟವರ್‌ನಲ್ಲಿ ಹಾಕಿದ. ಆಗ ಹಾಡು ಹಾಡಾಯಿತು. ಅಂದರೆ ನಾನು ಮೊದಲ ದಿನ ಕೇಳಿದ್ದಕ್ಕೆ ಎರಡು ಸ್ಪೀಕರ್, ಒಂದು ಸ್ಟೀರಿಯೋ ಆಂಪ್ಲಿಫೈಯರ್ ಸಾಕಾಗಿತ್ತು. ಉಳಿದದ್ದೆಲ್ಲ ಅವರ ಟಾರ್ಗೆಟ್ಟಿಗೆ.

ಅಟ್ಮಾಸ್ ಮಾತ್ರ ಆಗಲೂ ಸರಿಹೋಗಲಿಲ್ಲ. ಯಾಕೆ ಅಂತ ಆ ₹42,000ದ ಸ್ಪೀಕರ್ ಜೊತೆ ಬಂದ ಕಾಗದದಲ್ಲೇ ಅಚ್ಚಾಗಿದೆ. ಈ ಸ್ಪೀಕರ್ ಮೇಲಕ್ಕೆ ಸದ್ದು ಬಿಡುತ್ತದೆ. ಅದು ಚಾವಣಿಗೆ ಬಡಿದು ನಮ್ಮ ಮೇಲೆ ಬೀಳಬೇಕು, ಆಗ ಮೇಲಿಂದ ಬಂದ ಹಾಗೆ ಕೇಳುತ್ತದೆ. ಅದಕ್ಕೆ ಚಾವಣಿ ಸಮತಟ್ಟಾಗಿರಬೇಕು, ಇಳಿಜಾರು ಆಗೋದಿಲ್ಲ. ಡಾಲ್ಬಿಯವರು ಎತ್ತರ ಕೂಡ ಹೇಳುತ್ತಾರೆ: ಸುಮಾರು 7.5ರಿಂದ 14 ಅಡಿ. ನಮ್ಮ ಜಗಲಿಗೆ ಚಾವಣಿಯೇ ಇಲ್ಲ, ನೇರ ಹಂಚು. ಮಧ್ಯದಲ್ಲಿ ಎತ್ತರ 14 ದಾಟುತ್ತದೆ, ಎರಡೂ ಕಡೆ ಇಳಿಜಾರು. ಸದ್ದು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ನಮ್ಮ ಮನೆಯಲ್ಲಿ ಮೇಲಿಂದ ಕೇಳುವ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದು ಮಾತ್ರ, ಅದಕ್ಕೆ ಬಿಲ್ ಇಲ್ಲ.

ಇದು ಅವರಿಗೆ ಗೊತ್ತಿರಲಿಲ್ಲವಾ? ದಿನಾ ಅದನ್ನೇ ಮಾರುವವರಿಗೆ? ಫೋಟೋ ನೋಡಿ "ಸೂಪರ್ ಹಾಲ್" ಅಂದವರಿಗೆ? ಇದನ್ನೇ ಕೇಳಿದೆ. ಬಂದ ಉತ್ತರ ಓದಿ: "ಫಾಲ್ಸ್ ಸೀಲಿಂಗ್ ಮಾಡಿಸಿಬಿಡಿ ಸರ್. ನಮ್ಮವರೇ ಇದ್ದಾರೆ, ಅಕೌಸ್ಟಿಕ್ ಟ್ರೀಟ್‌ಮೆಂಟ್ ಸೇರಿ 1.2 ಲಕ್ಷಕ್ಕೆ ಮಾಡಿಕೊಡ್ತಾರೆ." ಟೋಪಿ ಹೊಂದಲಿಲ್ಲ ಅಂದರೆ ತಲೆ ಕೆತ್ತಿಸಿ ಅಂದ ಹಾಗಾಯ್ತು. ಅಜ್ಜ ಕಟ್ಟಿಸಿದ ಮನೆಗೆ, ಇವರ ಸ್ಪೀಕರ್‌ಗೋಸ್ಕರ ಫಾಲ್ಸ್ ಸೀಲಿಂಗ್!

ವಾಪಸ್ ತಗೊಳ್ಳಿ ಅಂದೆ. ಬಿಲ್ ಕೆಳಗೆ "ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ" ಅಂತ ಇದೆ ಅಂದರು. ಜಾಸ್ತಿ ಒತ್ತಾಯ ಮಾಡಿದ ಮೇಲೆ, ಅಟ್ಮಾಸ್ ಸ್ಪೀಕರ್ ಮಾತ್ರ ₹15,000ಕ್ಕೆ ತಗೋತೀವಿ, ಅದೂ ಬೇರೆ ಐಟಂ ಕೊಂಡರೆ ಅಂದರು. ಕ್ಯಾಲಿಬ್ರೇಷನ್ ಬಗ್ಗೆ ಕೇಳಿದರೆ "ಹುಡುಗರು ಕೆಲಸ ಬಿಟ್ಟು ಹೋಗಿದ್ದಾರೆ." ಕೇಸ್ ಹಾಕುತ್ತೇನೆ ಅಂದಾಗ ಧ್ವನಿಯೇ ಬದಲಾಯಿತು: "ಹಾಕಿ ಸರ್, ಬೆಂಗಳೂರಿಗೆ ಓಡಾಡಬೇಕಾಗುತ್ತೆ ನೋಡಿ."

ಓಡಾಡಬೇಕಾಗಿಲ್ಲ. ಇದನ್ನು ಎಲ್ಲರೂ ತಿಳಿದುಕೊಳ್ಳಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಎಲ್ಲೇ ಇರಲಿ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನನ್ನದು 4.85. ಎರಡು ವರ್ಷದೊಳಗೆ ಕೊಡಬೇಕು, ಆನ್‌ಲೈನ್‌ನಲ್ಲೂ ಆಗುತ್ತದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ, ಅಂಗಡಿಯವರು ಕ್ಯಾರೇ ಅನ್ನಲಿಲ್ಲ. ಈಗ ಶಿವಮೊಗ್ಗದ ಗ್ರಾಹಕ ಆಯೋಗದಲ್ಲಿ ದೂರು ಕೊಟ್ಟಿದ್ದೇನೆ. ಮಾಡದ ಕ್ಯಾಲಿಬ್ರೇಷನ್‌ಗೆ ದುಡ್ಡು ತಗೊಂಡದ್ದು, ಹೊಂದದ ಮಾಲನ್ನು ಹೊಂದುತ್ತದೆ ಅಂತ ಮಾರಿದ್ದು, ಎರಡೂ ಅದರಲ್ಲಿವೆ. ವಾಟ್ಸಾಪ್ ಉತ್ತರಗಳನ್ನೆಲ್ಲ ಪ್ರಿಂಟ್ ಹಾಕಿಸಿ ಜೋಡಿಸಿದ್ದೇನೆ, "ಚಿಂದಿ ಆಗುತ್ತೆ" ಸಮೇತ.

ತಗೊಳ್ಳುವವರಿಗೆ ಒಂದೆರಡು ಮಾತು. ಹಾಡು ಕೇಳುವವರು ಎರಡು ಸ್ಪೀಕರ್‌ನ ಸ್ಟೀರಿಯೋ ಕೊಡಿ ಅನ್ನಿ, ಅಟ್ಮಾಸ್ ಅಂದವನ ಅಂಗಡಿಯಿಂದ ಎದ್ದು ಬನ್ನಿ. ನಿಮ್ಮ ಮನೆಯಲ್ಲೇ ಡೆಮೋ ಕೊಡದವನಿಗೆ ಅಡ್ವಾನ್ಸ್ ಕೊಡಬೇಡಿ. ಡಬ್ಬಿ ಮೇಲಿನ ವ್ಯಾಟ್ ನಂಬಬೇಡಿ. ನನ್ನ ರಿಸೀವರ್ ಮೇಲೆ ದಪ್ಪಕ್ಷರದಲ್ಲಿ 175 ವ್ಯಾಟ್ ಅಂತಿದೆ. ಸಣ್ಣಕ್ಷರದಲ್ಲಿ ನೋಡಿದರೆ ಅದು ಒಂದೇ ಚಾನೆಲ್ ಓಡಿಸಿ, 6 ಓಮ್‌ಗೆ, 10% ಡಿಸ್ಟಾರ್ಷನ್ ಬರುವ ತನಕ, ಅಂದರೆ ಸದ್ದು ಕೆಡುವ ತನಕ ತಿರುಗಿಸಿದಾಗ. ಎರಡು ಚಾನೆಲ್‌ಗೆ ನೆಟ್ಟಗೆ ಕೊಡುವುದು 80. "ಬರ್ನ್ ಇನ್" ಅನ್ನುವ ಮಾತು ಬಂತೋ, ಅವತ್ತೇ ವಾಪಸ್ ಮಾಡುತ್ತೇನೆ ಅಂತ ಬರಹದಲ್ಲಿ ಕಳಿಸಿ.

ಮತ್ತೆ, ಈಗಾಗಲೇ ತಗೊಂಡವರು ಬಿಲ್ ತೆಗೆದು ನೋಡಿ. ಕ್ಯಾಲಿಬ್ರೇಷನ್ ಚಾರ್ಜ್ ಹಾಕಿದ್ದರೆ ರಿಸೀವರ್ ಡಬ್ಬಿಯಲ್ಲಿ ಮೈಕ್ ಹುಡುಕಿ. ಕವರ್ ಒಡೆಯದೇ ಇದ್ದರೆ ಅವಸರ ಮಾಡಬೇಡಿ. ಅದನ್ನು ಬಿಲ್ ಪಕ್ಕ ಇಟ್ಟು ಮೊದಲು ವಿಡಿಯೋ ಮಾಡಿಕೊಳ್ಳಿ, ಆಮೇಲೆ ಬಿಚ್ಚಿ.