ಹಟ್ಟಿಯ ಮನೆಯಲ್ಲಿ ಎರಡು ರಾತ್ರಿ, ಎರಡು ಕೆಜಿಎಫ್

ಹೋದ ತಿಂಗಳು ಊರಿಗೆ ಹೋದಾಗ ಕೆಜಿಎಫ್‌ನ ಎರಡೂ ಭಾಗಗಳನ್ನು ಸಾಲಾಗಿ ನೋಡಿದೆ. ಶನಿವಾರ ರಾತ್ರಿ ಮೊದಲನೇದು, ಭಾನುವಾರ ರಾತ್ರಿ ಎರಡನೇದು. ಪಕ್ಕದಲ್ಲಿ ಅಪ್ಪ. ನಮ್ಮೂರು ಹಟ್ಟಿ, ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ಸಿನಿಮಾಕ್ಕೆ ಹೆಸರು ಕೊಟ್ಟ ಕೋಲಾರದ ಬಂಗಾರದ ಗಣಿ (ಕೆಜಿಎಫ್) 2001ರಲ್ಲಿ ಮುಚ್ಚಿತು. ನಮ್ಮಲ್ಲಿ ಇವತ್ತಿಗೂ ಬಂಗಾರ ತೆಗೀತಾರೆ. ಅಪ್ಪ ಇಪ್ಪತ್ತೆಂಟು ವರ್ಷ ಆ ಗಣಿಗೆ ಇಳಿದು ಹತ್ತಿದವರು.

ಎರಡನ್ನೂ ನಾನು ಮೊದಲು ನೋಡಿದ್ದು ರಾಯಚೂರಿನ ಥಿಯೇಟರಿನಲ್ಲಿ. 2018ರ ಡಿಸೆಂಬರ್ 21ಕ್ಕೆ ಮೊದಲ ಭಾಗ ಬಂತು. ನಮ್ಮದು ಗಡಿ ಜಿಲ್ಲೆ, ತೆಲುಗು ಸಿನಿಮಾ ನೋಡಿಕೊಂಡೇ ಬೆಳೆದವರು ನಾವು. ಅಂಥ ಕಡೆ ಕನ್ನಡದ ಸಿನಿಮಾವೊಂದು ಐದು ಭಾಷೆಯಲ್ಲಿ ಬರ್ತಿದೆ ಅನ್ನೋದೇ ಎದೆ ಉಬ್ಬಿಸಿತ್ತು. 2022ರ ಏಪ್ರಿಲ್ 14ಕ್ಕೆ ಎರಡನೇದು ಬಂದಾಗ ನೆತ್ತಿ ಸುಡುವ ಬಿಸಿಲು. ಥಿಯೇಟರಿನ ಕೂಗಾಟದಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. ಹೊರಗೆ ಬಂದು, ಎರಡನೇದೇ ದೊಡ್ಡ ಸಿನಿಮಾ ಅಂತ ಗೆಳೆಯರ ಜೊತೆ ಗಂಟಲು ಹರಿದುಕೊಂಡು ವಾದ ಮಾಡಿದ್ದೆ. ಆ ಮಾತನ್ನು ಈಗ ವಾಪಸ್ ತಗೋತೀನಿ.

ಮೊದಲ ಭಾಗದಲ್ಲಿ ಬಾಂಬೆಯ ಕಥೆ ಚೆನ್ನಾಗಿದೆ. ನಡುರಸ್ತೆಯಲ್ಲಿ ಗಾಡಿಗಳನ್ನು ತಡೆದು, ಮಗು ಎತ್ತಿಕೊಂಡ ತಾಯಿಯ ಕೈಯಿಂದ ಬಿದ್ದ ಬನ್ನನ್ನು ಹೀರೋ ರಾಕಿ (ಯಶ್) ಎತ್ತಿಕೊಡ್ತಾನಲ್ಲ, ಅವನು ಎಂಥ ತಾಯಿಯ ಮಗ ಅಂತ ಗೊತ್ತಾಗೋಕೆ ಅಷ್ಟು ಸಾಕು. ಆದರೆ ಸಿನಿಮಾದ ಜೀವ ಇರೋದು ನರಾಚಿಯೊಳಗೆ, ಜನರನ್ನು ಗುಲಾಮರಾಗಿ ದುಡಿಸೋ ಬಂಗಾರದ ಗಣಿ ಅದು. ಅಲ್ಲಿಗೆ ಹೋದ ಮೇಲೆ ರಾಕಿ ತುಂಬಾ ಹೊತ್ತು ಏನೂ ಮಾಡೋದಿಲ್ಲ. ಮಸಿ ಮೆತ್ತಿದ ನೂರಾರು ಜನರಲ್ಲಿ ಅವನೂ ಒಬ್ಬ. ಸುಮ್ನೆ ನೋಡ್ತಾನೆ. ಅವನ ಜೊತೆ ನಾವೂ ಆ ಜನರನ್ನು ನೋಡ್ತೀವಿ. ಭುವನ್ ಗೌಡರ ಕ್ಯಾಮೆರಾ ಹೀರೋ ಮೇಲೆ ಎಷ್ಟು ಹೊತ್ತು ನಿಲ್ಲುತ್ತೋ, ಆ ಮುಖಗಳ ಮೇಲೂ ಅಷ್ಟೇ ಹೊತ್ತು ನಿಲ್ಲುತ್ತೆ ಅನಿಸಿತು.

ನರಾಚಿ ಕಟ್ಟಿದ ಕಥೆ ಅಂತ ಅಪ್ಪನಿಗೂ ಗೊತ್ತು. ಕಲ್ಲು ಸಿಡಿಸಿದ ಮೇಲೆ ಹೊಗೆ ಹೋಗೋ ತನಕ ಒಳಗೆ ಯಾರನ್ನೂ ಬಿಡೋದಿಲ್ಲ, ಒಂದು ಟನ್ ಅದಿರು ಅರೆದರೆ ಸಿಗೋದು ಕೆಲವೇ ಗ್ರಾಂ ಬಂಗಾರ ಅಂತ ನಡುನಡುವೆ ಹೇಳ್ತಾ ಇದ್ದರು. ಆಮೇಲೆ ಮಾತು ನಿಂತಿತು. ನೋಡಿದರೆ ತೊಡೆ ಮೇಲಿದ್ದ ಬಲಗೈಯ ಹೆಬ್ಬೆರಳು ಒಂದೊಂದೇ ಗೆಣ್ಣಿನ ಮೇಲೆ ಸರಿಯುತ್ತಿತ್ತು. ಅದು ಅವರ ಹಳೇ ಅಭ್ಯಾಸ. ಶಿಫ್ಟ್ ಮುಗಿದು ಮೇಲೆ ಬಂದ ತಕ್ಷಣ ಜೊತೆಯವರ ತಲೆ ಎಣಿಸುತ್ತಿದ್ದರು. ಆರು ಜನ ಇಳಿದಿದ್ದರೆ ಆರೂ ಜನ ಕಾಣಬೇಕು. ಈಗ ಮದುವೆಗೆ ಹೋಗಿ ಬಂದರೂ ಗಾಡಿಯಿಂದ ಇಳಿದವರನ್ನು ಎಣಿಸ್ತಾರೆ. ಅವತ್ತು ನರಾಚಿಯ ಜನರನ್ನು ಎಣಿಸುತ್ತಿದ್ದರು.

ಇನ್ನು ನರಾಚಿಯನ್ನು ಆಳೋ ಖಳನಾಯಕ ಗರುಡ. ರಾಮಚಂದ್ರ ರಾಜು ಅವರಿಗೆ ಅದು ಮೊದಲ ಸಿನಿಮಾ. ಮಾತು ಕಡಿಮೆ, ಆದರೆ ಆ ಕಣ್ಣಿಗೇ ಹೆದರಿಕೆ ಆಗುತ್ತೆ. ಎರಡನೇ ಭಾಗದ ಖಳನಾಯಕ ಅಧೀರನಾಗಿ ಸಂಜಯ್ ದತ್ ಬರೋದೇ ದೊಡ್ಡ ಕತ್ತಿ, ಜಡೆ, ಕವಚದ ಜೊತೆ. ನೋಡೋಕೆ ಜಬರ್ದಸ್ತ್. ಆದರೂ ಗರುಡನ ಭಯ ಅಲ್ಲಿಲ್ಲ. ಆ ಭಯ ನಮಗೆ ಬಂದಿದ್ದು ಅವನ ಮುಂದೆ ತಲೆ ತಗ್ಗಿಸಿದ ಜನರಿಂದ ಅಲ್ವಾ?

ಎರಡನೇ ಭಾಗಕ್ಕೆ ಅನ್ಯಾಯ ಮಾಡಬಾರದು. ಕಾರ್ ಚೇಸಿನಲ್ಲಿ ಪರದೆ ಮತ್ತೆ ಮತ್ತೆ ಕತ್ತಲಾಗುತ್ತಲ್ಲ, ಅದನ್ನು ಎರಡು ಸಲ ಹಿಂದೆ ಓಡಿಸಿ ನೋಡಿದೆ. ಎಡಿಟ್ ಮಾಡಿದ ಉಜ್ವಲ್ ಕುಲಕರ್ಣಿ ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಎಂಥ ಧೈರ್ಯ! ಪೊಲೀಸ್ ಠಾಣೆ ಮುಂದೆ ‘ದೊಡ್ಡಮ್ಮ’ ಗನ್ ಸಿಡಿಯುವಾಗ ರವಿ ಬಸ್ರೂರು ಅವರ ಸಂಗೀತಕ್ಕೆ ನಮ್ಮ ಮನೆ ಟಿವಿಯೇ ನಡುಗಿತು. ಪ್ರಧಾನಿಯಾಗಿ ರವೀನಾ ಟಂಡನ್ ಅವರ ರಮಿಕಾ ಸೇನ್ ಕೂತಲ್ಲಿಂದಲೇ ಗತ್ತು ತೋರಿಸ್ತಾರೆ. ಸಾವಿರ ಕೋಟಿ ದಾಟಿದ ಸಿನಿಮಾ, ಸುಮ್ನೆ ದಾಟಿಲ್ಲ.

ಒಂದು ಕೊರತೆ ಮಾತ್ರ ಶುರುವಿನಿಂದಲೇ ಕಾಡಿತು, ಮೊದಲ ಭಾಗದಲ್ಲಿ ಕಥೆ ಹೇಳಿದ್ದ ಅನಂತ್ ನಾಗ್ ಇಲ್ಲ. ಕಥೆ ಹೇಳುವ ಕೆಲಸ ಪ್ರಕಾಶ್ ರಾಜ್ ಅವರಿಗೆ ಬಂದಿದೆ. ಅವರು ಕಸುಬುದಾರರೇ, ಅನುಮಾನ ಇಲ್ಲ. ಆದರೆ ಅನಂತ್ ನಾಗ್ ದನಿಯಲ್ಲಿ, ಕಂಡಿದ್ದನ್ನು ಒಬ್ಬ ಹಿರಿಯರು ಕಟ್ಟೆ ಮೇಲೆ ಕೂತು ಹೇಳಿದಂಥ ನಂಬಿಕೆ ಇತ್ತು.

ಇದಕ್ಕಿಂತ ದೊಡ್ಡ ಕೊರತೆ ಹೇಳಿದ್ದು ಅಪ್ಪ. ಭಾನುವಾರ ಅರ್ಧ ಸಿನಿಮಾ ಆದಾಗ ನನ್ನ ಕಡೆ ತಿರುಗಿ, “ಅಲ್ಲಪಾ, ನಿನ್ನೆ ಇದ್ದ ಮಂದಿ ಎಲ್ಲಿ ಹೋದ್ರು?” ಅಂದರು.

ಇದ್ದಾರೆ, ಜೈಕಾರ ಹಾಕ್ತಾ ನಿಂತಿದ್ದಾರೆ ಅಂದೆ.

“ಹಂಗಲ್ಲೋ. ಒಬ್ಬೊಬ್ರ ಮುಖಾನೂ ಕಾಣ್ತಿತ್ತು ನಿನ್ನೆ.”

ನಿಜ. ಎರಡನೇ ಭಾಗದಲ್ಲಿ ಜನ ರಾಕಿಯ ಹಿಂದೆ ಗುಂಪಾಗಿಬಿಟ್ಟಿದ್ದಾರೆ. ಬಂಗಾರ ಎಷ್ಟು ಹೊರಗೆ ಬಂತು ಅನ್ನೋದಷ್ಟೇ ಕಥೆಗೆ ಬೇಕು. ಲೋಕದ ಬಂಗಾರವನ್ನೆಲ್ಲ ತಂದುಕೊಡ್ತೀನಿ ಅಂತ ರಾಕಿ ತಾಯಿಗೆ ಕೊಟ್ಟ ಮಾತಿಗೆ ಆ ಬಂಗಾರ ಬೇಕು, ಒಪ್ಪುತ್ತೇನೆ. ಆದರೆ ಅದನ್ನು ಮೇಲೆ ತಂದವರೊಬ್ಬರ ಹೆಸರೂ ನನಗೆ ನೆನಪಿನಲ್ಲಿ ಉಳಿಯಲಿಲ್ಲ.

ಕೊನೆಯ ಸಮುದ್ರದ ದೃಶ್ಯದಲ್ಲಿ ನನ್ನ ಕಣ್ಣು ತುಂಬಿತು, ಸುಳ್ಳು ಹೇಳಲ್ಲ. ಪಕ್ಕಕ್ಕೆ ನೋಡಿದೆ. ಅಪ್ಪನೂ ಕಣ್ಣು ಮಿಟುಕಿಸದೆ ನೋಡ್ತಾ ಇದ್ದರು. ಹೆಬ್ಬೆರಳು ಮಾತ್ರ ತೊಡೆ ಮೇಲೆ ಸುಮ್ಮನಿತ್ತು.